ನೋಯದ ಕಾಲು



ವೈದ್ಯನಲ್ಲದವನೊಬ್ಬ ಕಾಯಿಲೆಯೊಂದನ್ನು ಕುರಿತು ಮಾತನಾಡಲು ಕುಳಿತದ್ದು ನಿಮ್ಮಲ್ಲಿ ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು; ಪದಗಳ ಅರ್ಥ ಬಿಡಿಸುವುದು ನನ್ನ ಕಸುಬು. ಆದರೆ ಮಧುಮೇಹದೊಡನೆ ಹದಿನೆಂಟು ವರ್ಷಗಳಿಂದ ಒಂದೇ ಮನೆಯಲ್ಲಿ ಬಾಳುತ್ತಿರುವವನೂ ಹೌದು. ಅಷ್ಟು ಕಾಲ ಜೊತೆಗಿದ್ದವರ ಗುಣಸ್ವಭಾವಗಳು ತಕ್ಕಮಟ್ಟಿಗೆ ಗೊತ್ತಾಗಿರುತ್ತವೆ. ಆ ಸಲುಗೆಯಿಂದ ಈ ಮಾತು. ಯಾವ ಮಾತ್ರೆ, ಎಷ್ಟು, ಯಾವಾಗ ಎಂಬುದನ್ನು ನಾನು ಹೇಳಹೊರಟಿಲ್ಲ. ಅದು ನಿಮ್ಮ ನಿಮ್ಮ ವೈದ್ಯರಿಗೆ ಸೇರಿದ್ದು.

ಮೊದಲು ಹೆಸರನ್ನೇ ನೋಡೋಣ. ನಮ್ಮ ಕಾಫಿಯ ಸೀಮೆಯಲ್ಲಿ, ಮೂಡಿಗೆರೆಯ ಸಂತೆಯಲ್ಲಾಗಲಿ ಕಳಸದ ಬಸ್ ನಿಲ್ದಾಣದಲ್ಲಾಗಲಿ, ಮಧುಮೇಹ ಎಂಬ ಮಾತು ಕಿವಿಗೆ ಬೀಳುವುದು ಅಪರೂಪ. ಸಕ್ಕರೆ ಕಾಯಿಲೆ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ ಶುಗರ್ ಎನ್ನುತ್ತಾರೆ. ಇಲ್ಲಿ ವ್ಯಾಕರಣದ ಒಂದು ಸ್ವಾರಸ್ಯವಿದೆ. ಜ್ವರ ಬರುತ್ತದೆ, ಹೋಗುತ್ತದೆ. ಕೆಮ್ಮು ಹಿಡಿಯುತ್ತದೆ, ಬಿಡುತ್ತದೆ. ಶುಗರ್ ಮಾತ್ರ 'ಇದೆ'. 'ನನಗೆ ಎರಡೆಕರೆ ತೋಟ ಇದೆ' ಎನ್ನುವ ಧಾಟಿಯಲ್ಲೇ 'ನನಗೆ ಶುಗರ್ ಇದೆ' ಎಂದು ನಮ್ಮವರು ಹೇಳುತ್ತಾರೆ. ಬಂದು ಹೋಗುವ ಅತಿಥಿಯಲ್ಲ, ಮನೆಯಲ್ಲಿ ನೆಲೆನಿಂತದ್ದು ಎಂಬ ಸತ್ಯವನ್ನು ಆಡುಮಾತು ಯಾರೂ ಕಲಿಸದೆಯೇ ಕಂಡುಕೊಂಡಿದೆ. ಆದರೆ ಅದೇ ಆಡುಮಾತು ಇನ್ನೊಂದು ಕಡೆ ನಮ್ಮನ್ನು ದಾರಿ ತಪ್ಪಿಸುತ್ತದೆ. 'ಸ್ವಲ್ಪ ಶುಗರ್ ಇದೆ' ಎನ್ನುತ್ತೇವೆ. ಬಚ್ಚಲಲ್ಲಿ ಸ್ವಲ್ಪ ನಾಗರಹಾವಿದೆ ಎಂದು ಯಾರಾದರೂ ಹೇಳಿದ್ದುಂಟೆ? ಸಕ್ಕರೆ ಎಂಬ ಪದವೇ ನಮಗೆ ಮಂಗಳಕರವಾದದ್ದು. ಮಗು ಹುಟ್ಟಿದರೆ ಸಿಹಿ ಹಂಚುತ್ತೇವೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರುತ್ತೇವೆ, ಒಳ್ಳೆಯ ಸುದ್ದಿಗೆ ಸಿಹಿಸುದ್ದಿ ಎನ್ನುತ್ತೇವೆ. ಇಂಥ ಪದವನ್ನು ಹೊತ್ತು ಬಂದ ಕಾಯಿಲೆ ಕೇಡು ಮಾಡೀತೆಂದು ಮನಸ್ಸು ಸುಲಭವಾಗಿ ನಂಬುವುದಿಲ್ಲ.

ಹಳಬರು ಈ ಕಾಯಿಲೆಯನ್ನು ಗುರುತಿಸಿದ ಬಗೆ ಕುತೂಹಲಕರವಾದದ್ದು. ನಮ್ಮ ಆಯುರ್ವೇದದ ಸಂಹಿತೆಗಳು ಪ್ರಮೇಹದಲ್ಲಿ ಇಪ್ಪತ್ತು ಬಗೆಗಳನ್ನು ಹೇಳಿ, ಅವುಗಳಲ್ಲಿ ಒಂದನ್ನು ಮಧುಮೇಹವೆಂದು ಕರೆದವು. ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಅವು ಲಕ್ಷಣವಾಗಿ ಗುರುತಿಸಿವೆ. ಗ್ರೀಕರು ಕೊಟ್ಟ ಡಯಾಬಿಟಿಸ್ ಎಂಬ ಹೆಸರಿಗೆ ಹಾದು ಹರಿದುಹೋಗುವುದು ಎಂದು ಅರ್ಥ. ಕುಡಿದ ನೀರೆಲ್ಲ ಕೊಳವೆಯಲ್ಲಿ ಹರಿದಂತೆ ಹೊರಗೆ ಹೋಗುವುದನ್ನು ಅವರು ಕಂಡರು. ನಮ್ಮವರು ಸಿಹಿಯನ್ನು ಕಂಡರು, ಅವರು ಹರಿವನ್ನು ಕಂಡರು. ಸುಶ್ರುತನು ಮೇಹರೋಗಿಗಳಲ್ಲಿ ಎರಡು ತೆರ ಹೇಳುತ್ತಾನೆ: ಹುಟ್ಟಿನಿಂದಲೇ ಬಂದದ್ದು ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು. ಮೊದಲಿನವನು ಕೃಶ, ಎರಡನೆಯವನು ಸ್ಥೂಲ. ಇಂದಿನ ವೈದ್ಯರ ಒಂದನೆಯ ಬಗೆ, ಎರಡನೆಯ ಬಗೆ ಎಂಬ ವಿಂಗಡಣೆಯನ್ನು ಇದು ಸಾಕಷ್ಟು ಹೋಲುತ್ತದೆ. ಅವನ ಚಿಕಿತ್ಸೆಯೂ ಸೊಗಸಾದದ್ದು. ಬಡವನಾದ ರೋಗಿ ಭಿಕ್ಷೆ ಬೇಡಿ ಉಣ್ಣುತ್ತ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನ ನಡೆಯಬೇಕಂತೆ. ಬಾವಿ ತೋಡುವುದೂ ಆದೀತಂತೆ. ನಡೆಯಬೇಕು, ಮೈ ಬಗ್ಗಿಸಬೇಕು ಎಂಬಲ್ಲಿ ಸುಶ್ರುತನಿಗೂ ಇಂದಿನ ವೈದ್ಯರಿಗೂ ಭಿನ್ನಾಭಿಪ್ರಾಯವಿಲ್ಲ. ಒಂದೇ ಒಂದು ಮಾತಿನಲ್ಲಿ ಮಾತ್ರ ಅವನನ್ನು ಇಂದು ಅನುಸರಿಸುವಂತಿಲ್ಲ. ಆ ನಡಿಗೆ ಬರಿಗಾಲಿನಲ್ಲಾಗಬೇಕೆಂದು ಅವನು ಹೇಳಿದ್ದಾನೆ. ಅದೇಕೆ ಕೂಡದು ಎಂಬುದನ್ನು ಮುಂದೆ ಹೇಳುತ್ತೇನೆ; ಈ ಭಾಷಣದ ಮುಖ್ಯ ಸಂಗತಿಯೇ ಅದು.

ಈಗ ಮೈಯೊಳಗೆ ನಡೆಯುವ ವ್ಯಾಪಾರ. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ೫ ಲೀಟರು ರಕ್ತವಿದೆ ಎನ್ನೋಣ. ಆರೋಗ್ಯವಂತನ ರಕ್ತದಲ್ಲಿ ಬರಿಹೊಟ್ಟೆಯಲ್ಲಿ ಪ್ರತಿ ೧೦೦ ಮಿಲಿಲೀಟರಿಗೆ ಸಕ್ಕರೆ ೧೦೦ ಮಿಲಿಗ್ರಾಮಿಗಿಂತ ಕೆಳಗಿರುತ್ತದೆ. ಲೆಕ್ಕ ಹಾಕಿ ನೋಡಿ: ಇಡೀ ಮೈಯ ರಕ್ತದಲ್ಲೆಲ್ಲ ಸೇರಿ ಇರುವುದು ೫ ಗ್ರಾಮು, ಅಂದರೆ ಒಂದು ಟೀ ಚಮಚದಷ್ಟು ಸಕ್ಕರೆ. ಬರಿಹೊಟ್ಟೆಯಲ್ಲಿ ಅದು ೧೨೬ನ್ನು ಮುಟ್ಟಿದರೆ ವೈದ್ಯರು ಮಧುಮೇಹವೆನ್ನುತ್ತಾರೆ. ಒಂದು ಚಮಚ ಒಂದೂಕಾಲು ಚಮಚವಾಯಿತು, ಅಷ್ಟೆ. ಇಷ್ಟು ಸೂಕ್ಷ್ಮವಾದ ತಕ್ಕಡಿಯನ್ನು ಹಗಲೂ ರಾತ್ರಿಯೂ ಸಮವಾಗಿ ಹಿಡಿದಿರುವುದು ಹೊಟ್ಟೆಯ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿ. ಅದರೊಳಗೆ ದ್ವೀಪಗಳಂತೆ ಚದುರಿದ ಕಣಗುಂಪುಗಳನ್ನು ೧೮೬೯ರಲ್ಲಿ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಕಂಡ. ಇನ್ಸುಲಿನ್ ಎಂಬ ರಸ ಹುಟ್ಟುವುದು ಆ ದ್ವೀಪಗಳಲ್ಲಿ.

ಇನ್ಸುಲಿನ್ನಿನ ಕೆಲಸವನ್ನು ನಮ್ಮ ತೋಟದ ಭಾಷೆಯಲ್ಲೇ ಹೇಳಬಹುದು. ಕಣದಲ್ಲಿ ಕಾಫಿ ಒಣಗಿದೆ; ಸಂಜೆಯಾಗುತ್ತಿದೆ, ಮೋಡ ಕಟ್ಟಿದೆ. ಉಗ್ರಾಣದ ಬೀಗ ತೆಗೆದರೆ ಬೆಳೆ ಒಳಗೆ ಸೇರುತ್ತದೆ. ಬೀಗದ ಕೈ ಹಿಡಿದಿರುವ ರೈಟರೇ ಇನ್ಸುಲಿನ್. ಅನ್ನ ಉಂಡ ಮೇಲೆ ರಕ್ತಕ್ಕೆ ಬಂದ ಸಕ್ಕರೆಯನ್ನು ಮಾಂಸಖಂಡಗಳ, ಕೊಬ್ಬಿನ ಕಣಗಳ ಬಾಗಿಲು ತೆರೆದು ಒಳಗೆ ಬಿಡುವವನು ಅವನು. ಕೆಲವು ಮಕ್ಕಳಲ್ಲಿ ಮೈಯೇ ತನ್ನ ದ್ವೀಪಕಣಗಳನ್ನು ಕೊಂದುಬಿಡುತ್ತದೆ. ಅಲ್ಲಿ ರೈಟರೇ ಇಲ್ಲ. ಇದು ಒಂದನೆಯ ಬಗೆ. ಇವರಿಗೆ ಹೊರಗಿನಿಂದ ಇನ್ಸುಲಿನ್ ಕೊಡದೆ ಗತ್ಯಂತರವಿಲ್ಲ. ನಮ್ಮಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇರುವುದು ಎರಡನೆಯ ಬಗೆ. ಅಲ್ಲಿ ರೈಟರಿದ್ದಾನೆ, ಬೀಗದ ಕೈಯೂ ಇದೆ. ಮಳೆಗಾಲದ ತೇವಕ್ಕೆ ಬೀಗ ತುಕ್ಕು ಹಿಡಿದಿದೆ. ಒಬ್ಬನು ಮಾಡುವ ಕೆಲಸಕ್ಕೆ ಮೂವರು ರೈಟರು ಬೇಕಾಗುತ್ತಾರೆ. ಕೆಲವು ವರ್ಷ ಗ್ರಂಥಿ ಅಷ್ಟು ಮಂದಿಯನ್ನೂ ಒದಗಿಸುತ್ತದೆ, ಆಮೇಲೆ ದಣಿಯುತ್ತದೆ. ಬೆಳೆ ಅಂಗಳದಲ್ಲೇ ಉಳಿಯುತ್ತದೆ. ಮನೆ ತುಂಬ ಬೆಳೆದಿದ್ದೂ ಒಳಗೆ ಉಪವಾಸ. ಉಂಡರೂ ತೂಕ ಇಳಿಯುವುದು, ಸುಸ್ತಾಗುವುದು ಇದರಿಂದಲೇ. ರಕ್ತದ ಸಕ್ಕರೆ ಸುಮಾರು ೧೮೦ನ್ನು ದಾಟಿದಾಗ ಮೂತ್ರಪಿಂಡ ಅದನ್ನು ತಡೆದಿಡಲಾರದೆ ಹೊರಗೆ ಬಿಡುತ್ತದೆ; ಸಕ್ಕರೆ ತನ್ನ ಜೊತೆಗೆ ನೀರನ್ನು ಎಳೆದೊಯ್ಯುತ್ತದೆ; ಬಾಯಾರಿಕೆ ಹತ್ತುತ್ತದೆ. ಗ್ರೀಕರು ಕಂಡ ಹರಿವು ಇದು.

'ರಾತ್ರಿ ಊಟವನ್ನೇ ಮಾಡಲಿಲ್ಲ, ಬೆಳಿಗ್ಗೆ ಸಕ್ಕರೆ ಹೇಗೆ ಏರಿತು?' ಎಂದು ಎಷ್ಟೋ ಮಂದಿ ಕೇಳುತ್ತಾರೆ. ಸಕ್ಕರೆ ಬಾಯಿಂದ ಮಾತ್ರ ಬರುವುದಿಲ್ಲ. ನಾವು ಮಲಗಿರುವಾಗ ಮಿದುಳು ಹಸಿಯಬಾರದೆಂದು ಯಕೃತ್ತು ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸಾಕು, ನಿಲ್ಲಿಸು ಎಂದು ಹೇಳುವವನು ಇನ್ಸುಲಿನ್. ಆ ಮಾತು ಯಕೃತ್ತಿಗೆ ಕೇಳಿಸದಿದ್ದರೆ ರಾತ್ರಿಯೆಲ್ಲ ಗಿರಣಿ ನಡೆಯುತ್ತಲೇ ಇರುತ್ತದೆ.

ಇನ್ಸುಲಿನ್ ದೊರೆತ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ೧೯೨೧ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ನಾಯಿಗಳ ಗ್ರಂಥಿಯಿಂದ ತೆಗೆದರು. ೧೯೨೨ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಚುಚ್ಚುಮದ್ದು ಬಿತ್ತು. ಅದಕ್ಕೆ ಹಿಂದಿನ ವರ್ಷದವರೆಗೂ ಅಂಥ ಮಕ್ಕಳಿಗೆ ಇದ್ದದ್ದು ಸಾವೊಂದೆ. ಕಂಡುಹಿಡಿದವರು ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ೧೯೬೯ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಇನ್ಸುಲಿನ್ನಿನ ಅಣುರಚನೆಯನ್ನು ಬಿಡಿಸಿದಾಗ ಆ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ೨೦೦೪ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟಿನಿಂದ ಬೆಳೆದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ಇದಕ್ಕಿಂತ ನನ್ನ ಮನಸ್ಸನ್ನು ಹಿಡಿದ ಸಂಗತಿ ಮೈಸೂರಿನದು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ ಮಂಡಿ ಮೊಹಲ್ಲೆಯ ಕಡೆಗೆ ಹೋದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಹಾದು ಹೋಗುತ್ತಿದ್ದೆವು. ಊರಿನವರಿಗೆ ಅದು ಮಿಷನ್ ಆಸ್ಪತ್ರೆ. ಅಲ್ಲಿಯ ಹೆರಿಗೆ ವಿಭಾಗದಲ್ಲಿ ೧೯೩೪ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಯಾರಿಗೆ ಏಕೆ ಬೇಕಾದೀತೆಂದು ಬರೆದ ದಾದಿಯರಿಗೂ ತಿಳಿದಿರಲಾರದು. ೧೯೯೦ರ ದಶಕದಲ್ಲಿ ಅಲ್ಲಿಯ ವೈದ್ಯರೂ ಇಂಗ್ಲೆಂಡಿನ ಸಂಶೋಧಕರೂ ಸೇರಿ, ೧೯೩೪ರಿಂದ ೧೯೫೪ರವರೆಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ ಆಗ ನಡುವಯಸ್ಸಿಗೆ ಬಂದಿದ್ದ ಸುಮಾರು ಐನೂರು ಮಂದಿಯನ್ನು ಮೈಸೂರಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಉದ್ದದಲ್ಲಿ ಗಿಡ್ಡವಾಗಿದ್ದು, ಆ ಉದ್ದಕ್ಕೆ ತೂಕ ಹೆಚ್ಚಾಗಿದ್ದ ಮಕ್ಕಳಲ್ಲಿ, ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ, ಮುಂದೆ ಮಧುಮೇಹ ಹೆಚ್ಚಾಗಿ ಕಂಡಿತು. ೧೯೯೭ರಲ್ಲಿ ಅಲ್ಲಿಯೇ ಇನ್ನೊಂದು ಅಧ್ಯಯನ ಮೊದಲಾಯಿತು: ಬಸುರಿಯರ ಸಕ್ಕರೆಯನ್ನು ಅಳೆದು, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಹಿಂಬಾಲಿಸಿ ನೋಡುವುದು. ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಎಳವೆಯಲ್ಲೇ ಕೊಬ್ಬು ಹೆಚ್ಚಾಗಿ ಸೇರಿತ್ತು. ಪುಣೆಯ ಡಾ. ಯಾಜ್ಞಿಕರು ತೋರಿಸಿದ್ದೂ ಇದಕ್ಕೆ ಹತ್ತಿರದ್ದೆ. ಅಲ್ಲಿಯ ಹಳ್ಳಿಯ ಮಗು ಸರಾಸರಿ ೨.೭ ಕಿಲೊ ತೂಗುತ್ತದೆ, ಇಂಗ್ಲೆಂಡಿನದು ೩.೫ ಕಿಲೊ, ಆದರೆ ನಮ್ಮ ಮಗುವಿನಲ್ಲಿ ಕಡಿಮೆಯಾಗಿರುವುದು ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. ನೋಡಲು ಬಡಕಲು, ಒಳಗೆ ಸ್ಥೂಲ.

ಈ ಮಾತನ್ನು ವಿಸ್ತರಿಸಿ ಹೇಳಿದ್ದಕ್ಕೆ ಕಾರಣವಿದೆ. ನನ್ನ ಬಾಲ್ಯದಲ್ಲಿ ಇದು ಧಣಿಗಳ ಕಾಯಿಲೆಯಾಗಿತ್ತು. ಜೀಪಿನಲ್ಲಿ ಓಡಾಡುವವರಿಗೆ, ಎಸ್ಟೇಟ್ ಬಂಗಲೆಯಲ್ಲಿ ಕುಳಿತು ಉಣ್ಣುವವರಿಗೆ ಬರುವಂಥದ್ದು ಎಂಬ ತಿಳಿವಳಿಕೆ. ಲೈನು ಮನೆಗಳಲ್ಲಿ ವಾಸಿಸುವವರು ಸಣಕಲು ಮೈಯವರು, ದಿನವಿಡೀ ಗುಡ್ಡ ಹತ್ತಿ ಇಳಿಯುವವರು, ಅವರಿಗೇಕೆ ಬಂದೀತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ೧೦ ಕೋಟಿಗೂ ಮೇಲ್ಪಟ್ಟು ಮಂದಿ ಮಧುಮೇಹಿಗಳು. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ೧೩ ಕೋಟಿಗೂ ಹೆಚ್ಚು. ಇಷ್ಟು ಮಂದಿ ಧಣಿಗಳು ಈ ದೇಶದಲ್ಲಿ ಎಲ್ಲಿದ್ದಾರೆ?

ಕಳಸದ ಸಮೀಪದ ತೋಟವೊಂದರಲ್ಲಿ ಮರಗಸಿಗೆ ಹೆಸರಾದ ಒಬ್ಬರಿದ್ದರು. ಹೆಸರು ಬೇಡ. ನನ್ನ ವಯಸ್ಸಿನವರೇ. ಎತ್ತರದ ನೆರಳಿನ ಮರದ ತುದಿಗೆ ಹತ್ತಿ, ಕೊಂಬೆ ಕೆಳಗಿನ ಕಾಫಿ ಗಿಡದ ಮೇಲೆ ಬೀಳದಂತೆ ಕಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಒಂದು ಮಳೆಗಾಲದಲ್ಲಿ ಅವರ ಬೂಟಿನ ಅಟ್ಟೆಯಿಂದ ಮೊಳೆಯೊಂದು ಒಳಕ್ಕೆ ಎದ್ದಿತ್ತು. ಮೂರು ದಿನ ಆ ಮೊಳೆಯ ಮೇಲೆಯೇ ನಡೆದರು. ನಾಲ್ಕನೆಯ ದಿನ ಬೂಟು ಕಳಚಿದಾಗ ವಾಸನೆ ಬಂದು ಮಗಳು ನೋಡಿದಳು. ಮಂಗಳೂರಿಗೆ ಸಾಗಿಸಿದರು. ನಾನು ನೋಡಲು ಹೋದಾಗ ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ.

'ಎಷ್ಟು ವರ್ಷದಿಂದ ಇತ್ತು ಮಾರಾಯ್ರೆ ಈ ಶುಗರ್?' ಎಂದೆ.

'ನನಗೆ ಎಂತ ಶುಗರ್ ಮೇಷ್ಟ್ರೆ, ದಿನಾ ಮರ ಹತ್ತುವವನಿಗೆ? ಇಲ್ಲಿಗೆ ಬಂದ ಮೇಲೇ ಗೊತ್ತಾದದ್ದು' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಂದು ಚೂರೂ ನೋವಾಗಲಿಲ್ಲವಲ್ಲ ಮೇಷ್ಟ್ರೆ. ನೊಂದಿದ್ದರೆ ಅವತ್ತೇ ಬಿಚ್ಚಿ ನೋಡುತ್ತಿರಲಿಲ್ಲವಾ?' ಎಂದರು.

ಈಗ ಅವರು ಕೃತಕ ಕಾಲು ಹಾಕಿಕೊಂಡು ಕಣದಲ್ಲಿ ಹಣ್ಣಿನ ತೂಕ ನೋಡಿಕೊಳ್ಳುತ್ತಾರೆ. ಮರ ಹತ್ತುವುದಿಲ್ಲ.

ನೋವನ್ನು ನಾವು ಶಾಪವೆಂದು ತಿಳಿಯುತ್ತೇವೆ. ವಾಸ್ತವವಾಗಿ ಅದು ಮೈಯ ಕಾವಲುಗಾರ. ರಕ್ತದಲ್ಲಿ ವರ್ಷಗಟ್ಟಲೆ ಏರಿ ನಿಂತ ಸಕ್ಕರೆ ಮೊದಲು ಆ ಕಾವಲುಗಾರನ ಬಾಯಿ ಕಟ್ಟುತ್ತದೆ. ನರಗಳಿಗೆ ಅನ್ನ ಒಯ್ಯುವ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳು ಕೆಡುತ್ತವೆ, ನರಗಳೂ ಸೊರಗುತ್ತವೆ. ಮೈಯಲ್ಲೆಲ್ಲ ಉದ್ದವಾದ ನರ ಬೆನ್ನಿನಿಂದ ಕಾಲಿನ ಬೆರಳಿಗೆ ಹೋಗುವಂಥದ್ದು. ಆದ್ದರಿಂದ ಕೇಡು ಅಲ್ಲಿಂದಲೇ ಆರಂಭ. ಮೊದಲು ಜುಮ್ಮೆನ್ನುವುದು, ಉರಿ, ರಾತ್ರಿಯ ಹೊತ್ತು ಇರುವೆ ಹರಿದಂತಾಗುವುದು. ಆಮೇಲೆ ಏನೂ ಇಲ್ಲ. 'ಉರಿ ನಿಂತಿತು, ಗುಣವಾಯಿತು' ಎಂದು ಸಂತೋಷಪಡುವವರನ್ನು ನಾನು ಕಂಡಿದ್ದೇನೆ. ಇದರ ಜೊತೆಗೆ ಕಾಲಿನ ದೊಡ್ಡ ರಕ್ತನಾಳಗಳೂ ಕಿರಿದಾಗಿ ಗಾಯಕ್ಕೆ ರಕ್ತ ಸಾಲದು. ಸಕ್ಕರೆ ಏರಿದ ಮೈಯಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿಯ ರಕ್ತಕಣಗಳೂ ಮಂದವಾಗುತ್ತವೆ. ಅರಿವಿಲ್ಲ, ರಕ್ತವಿಲ್ಲ, ರಕ್ಷಣೆಯಿಲ್ಲ: ಒಂದು ಮೊಳೆ ಸಾಕು.

ನಮ್ಮ ಸೀಮೆಯಲ್ಲಂತೂ ಮೊಳೆಯೇ ಬೇಕೆಂದಿಲ್ಲ. ಮಲೆನಾಡಿನ ಬಚ್ಚಲೊಲೆಯ ನೀರು ಎಷ್ಟು ಸುಡುತ್ತದೆಂಬುದು ನಿಮಗೆ ಗೊತ್ತು; ಅಭ್ಯಂಜನದ ಸುಖವೇ ಆ ಬಿಸಿಯಲ್ಲಿದೆ. ಅರಿವಿಲ್ಲದ ಪಾದಕ್ಕೆ ಆ ನೀರು ಬಿದ್ದರೆ ಬೊಬ್ಬೆ ಏಳುವವರೆಗೆ ತಿಳಿಯುವುದಿಲ್ಲ. ನಾನು ಮೊಣಕೈ ಅದ್ದಿ ನೋಡಿದ ಮೇಲೆಯೇ ತಂಬಿಗೆ ಎತ್ತುವುದು. ಆಷಾಢದ ಚಳಿಯಲ್ಲಿ ಒಲೆಯ ಮುಂದೆ ಕಾಲು ಚಾಚಿ ಕಾಯಿಸುವುದೂ ಹಾಗೆಯೇ ಅಪಾಯ. ಮೂರು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಬೂಟಿನೊಳಗೆ ನೆನೆದ ಬೆರಳಸಂದುಗಳು ಬಿಳುಪೇರಿ ಬಿರಿಯುತ್ತವೆ. ಜಿಗಣೆ, ನಮ್ಮ ಕಡೆಯವರ ಇಂಬಳ, ಕಚ್ಚಿದ್ದು ಆರೋಗ್ಯವಂತನಿಗೂ ತಿಳಿಯದು. ಕಚ್ಚಿದ ಕಡೆ ತುರಿಸಿ ತುರಿಸಿ ಹುಣ್ಣಾಗುವುದು ಇವರಿಗೆ ತಿಳಿಯದು. ಇನ್ನು ದೇವಸ್ಥಾನಗಳು. ಕಳಸೇಶ್ವರನಿಗೋ ಹೊರನಾಡಿನ ಅನ್ನಪೂರ್ಣೇಶ್ವರಿಗೋ ಬೇಸಗೆಯ ನಡುಹಗಲಲ್ಲಿ ಹೋದರೆ ಕಾದ ಕಲ್ಲಿನ ಮೇಲೆ ಉಳಿದವರು ಓಡಿಯಾಡಿ ದಾಟುತ್ತಾರೆ. ಮಧುಮೇಹಿ ಮಾತ್ರ ನಿಧಾನವಾಗಿ, ಭಕ್ತಿಯಿಂದ ನಡೆಯುತ್ತಾನೆ. ಬೆಳಗಿನ ತಂಪಿನಲ್ಲಿ ಹೋದರೆ ದೇವರು ಬೇಸರಪಟ್ಟುಕೊಳ್ಳಲಾರ. ಸುಶ್ರುತನ ಬರಿಗಾಲನ್ನು ಒಪ್ಪಲಾಗದೆಂದು ನಾನು ಹೇಳಿದ್ದು ಇದಕ್ಕಾಗಿ.

ಕಾಲಿನ ಅರಿವನ್ನು ಪರೀಕ್ಷಿಸುವುದು ಕಷ್ಟವಲ್ಲ. ವೈದ್ಯರ ಬಳಿ ನೈಲಾನಿನ ಒಂದು ಎಳೆ ಇರುತ್ತದೆ. ೧೦ ಗ್ರಾಮಿನ ಒತ್ತಡಕ್ಕೆ ಬಾಗುವಂಥದ್ದು. ಕಣ್ಣು ಮುಚ್ಚಿಸಿ ಅದನ್ನು ಅಂಗಾಲಿಗೆ ಮುಟ್ಟಿಸುತ್ತಾರೆ. ಮುಟ್ಟಿದ್ದು ತಿಳಿಯದಿದ್ದರೆ ಕಾವಲುಗಾರ ಹೋದನೆಂದು ಅರ್ಥ. ಆಗ ಅವನ ಕೆಲಸವನ್ನು ಕಣ್ಣು ಮಾಡಬೇಕು. ದಿನವೂ ರಾತ್ರಿ ಅಂಗಾಲನ್ನು, ಬೆರಳಸಂದನ್ನು ನೋಡಿಕೊಳ್ಳುವುದು. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡುವುದು. ಬೂಟಿನೊಳಗೆ ಕೈಹಾಕಿ ತಡಕಿದ ಮೇಲೆಯೇ ಕಾಲು ತೂರಿಸುವುದು. ನನ್ನ ಮನೆಯಲ್ಲಿ ಈ ಕೆಲಸ ಮೊಮ್ಮಗಳದು. ಶಾಲೆಯ ಇನ್ಸ್‌ಪೆಕ್ಟರನ ಗತ್ತಿನಿಂದ ಮಾಡುತ್ತಾಳೆ.

ಪಾದದಲ್ಲಿ ನಡೆದದ್ದೇ ಕಣ್ಣಿನಲ್ಲೂ ಮೂತ್ರಪಿಂಡದಲ್ಲೂ ಸದ್ದಿಲ್ಲದೆ ನಡೆಯುತ್ತದೆ. ಅಕ್ಷಿಪಟಲದ ಸಣ್ಣ ನಾಳಗಳು ಸೋರುತ್ತವೆ. ರಕ್ತ ಸಾಲದ ಕಡೆ ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವು ದುರ್ಬಲ. ಒಂದು ದಿನ ಒಡೆದು ಕಣ್ಣಿನೊಳಗೆ ರಕ್ತ ಕವಿಯುತ್ತದೆ. ಆ ದಿನದವರೆಗೂ ಓದಲು ಬರೆಯಲು ತೊಂದರೆಯೇ ಇರುವುದಿಲ್ಲ. ಆದ್ದರಿಂದಲೇ ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ನೋಡಿಸಬೇಕು. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ೧೦ ಲಕ್ಷ ಜರಡಿಗಳಿವೆ. ಅವು ಹರಿಯತೊಡಗಿದಾಗ ಮೊದಲು ಮೂತ್ರದಲ್ಲಿ ಆಲ್ಬುಮಿನ್ ಎಂಬ ಸಸಾರಜನಕ ಸೋರುತ್ತದೆ. ಕಾಲು ಊದಿಕೊಳ್ಳುವುದು ಬಹಳ ತಡವಾಗಿ. ಹೃದಯದಲ್ಲಂತೂ ಎದೆನೋವೇ ಇಲ್ಲದ ಹೃದಯಾಘಾತ ಮಧುಮೇಹಿಗಳಿಗೆ ಆಗುವುದುಂಟು. ಬರಿಯ ಬೆವರು, ಏದುಸಿರು, ಸಂಕಟ. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಮಲಗುತ್ತೇವೆ. ಹೆಂಗಸರಲ್ಲಿ ಮತ್ತೆ ಮತ್ತೆ ಬರುವ, ಹೇಳಿಕೊಳ್ಳಲು ನಾಚುವ ತುರಿಕೆಯೇ ಎಷ್ಟೋ ಸಲ ಈ ಕಾಯಿಲೆಯ ಮೊದಲ ಸೂಚನೆ. ನಮ್ಮ ಮನೆಗಳಲ್ಲಿ ಅದನ್ನು ಕೇಳುವವರಿಲ್ಲ. ಬ್ರಿಟನ್ನಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ೧೯೯೮ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಾಯಿಲೆ ಗೊತ್ತಾದ ದಿನವೇ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಯಾವುದಾದರೊಂದು ಅಂಗದಲ್ಲಿ ಕೇಡಿನ ಗುರುತು ಕಂಡಿತ್ತು. ಆದರೆ ಸಕ್ಕರೆಯನ್ನು ಮೊದಲಿನಿಂದಲೇ ಹತೋಟಿಯಲ್ಲಿಟ್ಟವರಲ್ಲಿ ಕಣ್ಣಿನ, ಮೂತ್ರಪಿಂಡದ ಕೇಡು ಗಣನೀಯವಾಗಿ ತಗ್ಗಿತೆಂಬುದೂ ಅಲ್ಲಿಂದಲೇ ಸಿದ್ಧವಾಯಿತು. ನಾನು ಧೈರ್ಯವಾಗಿರುವುದು ಈ ಎರಡನೆಯ ಮಾತಿನ ಬಲದಿಂದ.

ಕೇಳದಿದ್ದರೆ ಹೇಳದ ಕಾಯಿಲೆ ಇದು; ನಾವೇ ಹೋಗಿ ಕೇಳಬೇಕು. ಮೂವತ್ತು ದಾಟಿದವರೆಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದ ಸಕ್ಕರೆ, ರಕ್ತದೊತ್ತಡ ನೋಡುವ ಏರ್ಪಾಡಿದೆ. ಬೆರಳಿನಿಂದ ಒಂದು ತೊಟ್ಟು ರಕ್ತ, ಅಷ್ಟೆ. ಮೂರು ತಿಂಗಳ ಸರಾಸರಿ ಹೇಳುವ ಇನ್ನೊಂದು ಪರೀಕ್ಷೆಯೂ ಇದೆ. ಕೆಂಪು ರಕ್ತಕಣ ಬದುಕುವುದು ಸುಮಾರು ೧೨೦ ದಿನ. ಅಷ್ಟು ದಿನವೂ ಸಕ್ಕರೆ ಅದರ ಹಿಮೊಗ್ಲೋಬಿನ್ನಿಗೆ ಅಂಟುತ್ತ ಹೋಗುತ್ತದೆ. ಅಂಟಿದ ಪಾಲು ನೂರಕ್ಕೆ ೬.೫ ಆದರೆ ಮಧುಮೇಹ. ಹಿಂದಿನ ದಿನ ಉಪವಾಸ ಮಾಡಿ ವೈದ್ಯರ ಮುಂದೆ ಸಾಧುವಾಗುವವರ ಆಟ ಇದರ ಮುಂದೆ ನಡೆಯದು.

ಊಟದ ಮಾತು. ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಅಥವಾ ಗಂಜಿ: ನಮ್ಮದು ಮೂರು ಹೊತ್ತೂ ಅಕ್ಕಿ. ಅಕ್ಕಿಯೂ ಹೊಟ್ಟೆ ಸೇರಿದರೆ ಸಕ್ಕರೆಯೇ. ಗುಡ್ಡ ಹತ್ತಿ ಇಳಿದು ಉಂಡವರ ಮೈಯಲ್ಲಿ ಆ ಅನ್ನ ಬೆವರಾಗುತ್ತಿತ್ತು. ಉಣ್ಣುವ ಅಳತೆ ಹಾಗೆಯೇ ಉಳಿದು, ನಡಿಗೆ ಮಾತ್ರ ಬೈಕು ಜೀಪುಗಳ ಪಾಲಾಯಿತು. ಅನ್ನ ಬಿಡಬೇಕಿಲ್ಲ, ಎಲೆಯ ಮೇಲೆ ಅದರ ಸ್ಥಾನ ಬದಲಾಗಬೇಕು. ಕಳಲೆ, ಕೆಸುವಿನ ಸೊಪ್ಪು, ಅಣಬೆ, ಹುರುಳಿಯ ಸಾರು ಇರುವ ನಾಡಿನಲ್ಲಿ ಪಲ್ಯಕ್ಕೆ ಬರವಿಲ್ಲ. ಹಲಸಿನ ಕಾಲದಲ್ಲಿ ನಾನು ಎರಡು ತೊಳೆಗೆ ಒಪ್ಪಂದ ಮಾಡಿಕೊಂಡಿದ್ದೇನೆ. ಮೂರನೆಯದನ್ನು ಕಂಡು ನಮಸ್ಕಾರ ಮಾಡುತ್ತೇನೆ.

ಬೆಲ್ಲದ ಕಾಫಿ ಪರವಾಗಿಲ್ಲ, ಜೇನು ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಕ್ತಕ್ಕೆ ಈ ಭೇದ ತಿಳಿಯದು. ದಿನಕ್ಕೆ ಆರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ; ಹನ್ನೆರಡು ಚಮಚವಾಯಿತು. ಇಡೀ ಮೈಯ ರಕ್ತದಲ್ಲಿರುವುದು ಒಂದು ಚಮಚವೆಂಬುದನ್ನು ನೆನಪಿಗೆ ತಂದುಕೊಳ್ಳಿ. ಕಾಫಿಯನ್ನು ಮಾತ್ರ ದೂರಬೇಡಿ. ಬಾಬಾಬುಡನ್ ಗಿರಿಯ ತಪ್ಪಲಿನವನಾಗಿ ನನಗೆ ಸಂತೋಷದ ಸುದ್ದಿಯೊಂದಿದೆ: ಹಾಲೆಂಡಿನಲ್ಲಿ ಸುಮಾರು ೧೭ ಸಾವಿರ ಮಂದಿಯನ್ನು ಗಮನಿಸಿ ೨೦೦೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಕಾಫಿ ಕುಡಿಯುವವರಲ್ಲಿ ಎರಡನೆಯ ಬಗೆಯ ಮಧುಮೇಹ ಕಡಿಮೆಯಾಗಿ ಕಂಡಿತು. ಕಾಫಿಯೇ ಅದಕ್ಕೆ ಕಾರಣವೆಂದು ಇಷ್ಟರಿಂದ ಸಿದ್ಧವಾಗುವುದಿಲ್ಲ. ಸಕ್ಕರೆ ಬೆರೆಸಿದ ಕಾಫಿಗೆ ಈ ಅಭಯವನ್ನು ವಿಸ್ತರಿಸುವಂತೆಯೂ ಇಲ್ಲ.

ಗಿಡಮೂಲಿಕೆಗಳ ಬಗ್ಗೆ ಒಂದು ಮಾತು. ಮಧುನಾಶಿನಿಯ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ನಾಲಿಗೆ ಸಿಹಿಯನ್ನು ಕೆಲವು ಹೊತ್ತು ಮರೆಯುತ್ತದೆ. ರಕ್ತ ಮರೆಯುವುದಿಲ್ಲ. ಮನೆಮನೆಯ ಅಂಗಳದಲ್ಲಿ ಇನ್ಸುಲಿನ್ ಗಿಡವೆಂದು ಬೆಳೆಸುವ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದರೂ ಜಠರ ಅದನ್ನು ಬೇಳೆಯ ಸಾರಿನಂತೆ ಅರಗಿಸಿಬಿಡುತ್ತಿತ್ತು. ಅದಕ್ಕೇ ತಾನೆ ಚುಚ್ಚಿಕೊಳ್ಳುವುದು? ಇವನ್ನು ತಿನ್ನುವವರನ್ನು ನಾನು ಹಳಿಯುವುದಿಲ್ಲ. ತಿಂದೆವೆಂದು ಮಾತ್ರೆ ಬಿಡುವುದನ್ನು ಕಂಡರೆ ಭಯವಾಗುತ್ತದೆ.

ಕೊನೆಯದಾಗಿ ಸಕ್ಕರೆಯೇ ಮದ್ದಾಗುವ ಹೊತ್ತು. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಹಾಕಿಕೊಂಡು, ತಿಂಡಿ ತಿನ್ನದೆ ತೋಟಕ್ಕೆ ಹೋದವರಿಗೆ, ಏಕಾದಶಿಯೆಂದು ಉಪವಾಸವಿದ್ದವರಿಗೆ, ಸಕ್ಕರೆ ೭೦ಕ್ಕಿಂತ ಕೆಳಗಿಳಿದು ಕೈ ನಡುಗಿ, ಬೆವರಿ, ಮಾತು ತೊದಲಬಹುದು. ಕುಡಿದಿದ್ದಾರೆಂದು ಜನ ತಿಳಿಯುತ್ತಾರೆ. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಕಾಲು ಗಂಟೆಯಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋದೀತು. ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ತೋಟಕ್ಕೆ ಹೋಗುವ ಮಧುಮೇಹಿಯ ಜೇಬಿನಲ್ಲಿ ಎಲೆಅಡಿಕೆಯ ಜೊತೆಗೆ ಒಂದು ಪೊಟ್ಟಣ ಸಕ್ಕರೆಯೂ ಇರಲಿ.

ಇನ್ಸುಲಿನ್ ಹಾಕಿಕೊಳ್ಳುವ ಕೇಳುಗರಿಗಾಗಿ ಇದನ್ನೂ ಸೇರಿಸುತ್ತೇನೆ. ಒಡೆಯದ ಸೀಸೆಗಳನ್ನು ೨ರಿಂದ ೮ ಡಿಗ್ರಿ ತಂಪಿನಲ್ಲಿ, ಹೆಪ್ಪುಗಟ್ಟದಂತೆ ಇಡಬೇಕು. ಬಳಕೆಗೆ ತೆಗೆದ ಸೀಸೆ ಮನೆಯ ತಂಪು ಮೂಲೆಯಲ್ಲಿ ಸುಮಾರು ನಾಲ್ಕು ವಾರ ಕೆಡದೆ ಇರುತ್ತದೆ. ಆದ್ದರಿಂದ ಕೊಟ್ಟಿಗೆಹಾರದಲ್ಲೋ ಕುದುರೆಮುಖದ ದಾರಿಯಲ್ಲೋ ಮರ ಬಿದ್ದು ಮೂರು ದಿನ ವಿದ್ಯುತ್ತು ಹೋದರೆ ಗಾಬರಿಯಿಂದ ಮದ್ದನ್ನು ಎಸೆಯಬೇಡಿ. ಒದ್ದೆ ಮರಳಿನ ಮಡಕೆಯೊಳಗೆ ಬಿಗಿಯಾದ ಡಬ್ಬಿಯಲ್ಲಿಟ್ಟು ಮುಚ್ಚಿದರೆ, ನಮ್ಮ ಮಳೆಗಾಲದ ಚಳಿಯೇ ಅದನ್ನು ಕಾಯುತ್ತದೆ.